ಅಳೆದೂ ಸುರಿದೂ

ಐವತ್ಮೂರರ ಶೆವರ್ಲೆ. ಬಣ್ಣ ಕೇಳಬೇಡಿ,
ಬಾಗಿಲಿಗೊಂದೊಂದು.
ಹೊಸ ಎಂಜಿನ್ ಕೂತು ಎರಡು ಚಳಿಗಾಲವಾಯಿತು,
ಹಿಂದಿನ ಅಚ್ಚು ಮಾತ್ರ ಒಪ್ಪುತ್ತಿಲ್ಲ.
ಅದರ ಶಾಫ್ಟು ಕೊಳವೆಯೊಳಗೆ ಅಡಗಿ ತಿರುಗುವಂಥದು,
ಹೊಸ ಗೇರ್‌ಬಾಕ್ಸಿಗೆ ಬಯಲಲ್ಲಿ ತಿರುಗುವಂಥದು ಬೇಕು.
"ಫಾದರ್ ಮೊಂಟೋಯಾ ಇದ್ದ ಹಾಗೆ," ಅಂದ ಅಪ್ಪ ಕಾರಿನಡಿಯಿಂದ,
"ಬೇಸಿಗೆಯಲ್ಲೂ ಕತ್ತಿನ ತನಕ ಗುಂಡಿ."

ಶನಿವಾರ ಹೊರಟೆವು, ಅಲಮೋಸಾ ದಾಟಿ,
ಆಲೂಗಡ್ಡೆ ಕಿತ್ತು ಬರಿದಾದ ಹೊಲಗಳ ಆಚೆ
ಟಾಲ್ಮೇಜನ ಗುಜರಿಗೆ.
ಸ್ಪ್ಯಾನರು ಮುಟ್ಟಿದರೆ ಬೆರಳಿನ ಚರ್ಮ ಬಿಡದ ಚಳಿ.
ಅಪ್ಪನ ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಒಂದೇ ಅಂಕಿ:
ಡ್ರಮ್ಮಿನಿಂದ ಡ್ರಮ್ಮಿಗೆ ಅರವತ್ತು ಇಂಚು.
ಹೆಚ್ಚಾದರೆ ಹಳ್ಳ ಬಂದಾಗೆಲ್ಲ ಟೈರು ಮಡ್‌ಗಾರ್ಡನ್ನು ನೆಕ್ಕುತ್ತದೆ,
ಕಡಿಮೆಯಾದರೆ ಅಣ್ಣನ ಪ್ಯಾಂಟು ತೊಟ್ಟ ಹುಡುಗನ ನಡಿಗೆ.

ಮೊದಲು ಸಿಕ್ಕಿದ್ದು ಸಣ್ಣ ಪಿಕಪ್ಪಿನದು. ಐವತ್ನಾಲ್ಕು.
ನಾನು ಟೇಪು ಸುತ್ತುವ ಮೊದಲೇ ಅಪ್ಪ ಮುಂದೆ ನಡೆದಿದ್ದ.
ಆಮೇಲೊಂದು ಕಮ್ಯಾರೋ. ಅಳತೆ ಕೂದಲೆಳೆ ತಪ್ಪಿಲ್ಲ,
ಕುಲವೂ ಒಂದೇ, ಬೋಲ್ಟುಗಳೂ ಕೂಡಿ ಬಂದವು.
ಟಾಲ್ಮೇಜ್ ಹೇಳಿದ ಬೆಲೆಗೆ
ಅವನ ನಾಯಿಯೇ ತಲೆಯೆತ್ತಿ ನೋಡಿತು.

ಮೂರನೆಯದು ಬೇಲಿ ಬದಿಗೆ, ಮಗ್ಗುಲಾಗಿ ಮಲಗಿದ್ದ ಎಕ್ಸ್‌ಪ್ಲೋರರ್.
ಐವತ್ತೊಂಬತ್ತೂವರೆ. ಡಿಸ್ಕ್ ಬ್ರೇಕು ಬೇರೆ.
ಅಪ್ಪ ಹಿಂಬಾಗಿಲಿನ ನೀಲಿ ಬಿಲ್ಲೆ ನೋಡಿದ,
ಟೇಪಿನ ತುದಿ ಬಿಟ್ಟುಬಿಟ್ಟ. ಸರ್ರನೆ ಅದು ಗೂಡು ಸೇರಿತು.
"ಫೋರ್ಡು."
"ಹೌದು."
"ಬೋಲ್ಟಿನ ವೃತ್ತ ಕಾಲಿಂಚು ಸಣ್ಣದು. ಚಕ್ರ ಕೂರಲ್ಲ."
"ಚಕ್ರ ಬೇರೆ ತಂದರಾಯಿತು."
"ಜನ ಏನಂತಾರೆ?"
"ಕಾರಿನಡಿ ಬಗ್ಗಿ ಯಾರು ನೋಡ್ತಾರೆ?"
"ನಾನು," ಅಂದ.

ಕಾರಣ ಕಾಲಿಂಚಿನದಲ್ಲ, ನನಗೆ ಗೊತ್ತು.
ಎಪ್ಪತ್ತೆಂಟರ ಫೆಬ್ರವರಿ, ಲಾ ವೀಟಾ ಘಾಟಿಯ ಹಿಮದಲ್ಲಿ
ಚಿಕ್ಕಪ್ಪ ಫಿಡೆನ್ಸಿಯೊನ ಫೋರ್ಡು ಅಚ್ಚು ಮುರಿದು ಕೂತಿತು.
ಒಳಗೆ ಅಪ್ಪ, ತೊಡೆಯ ಮೇಲೆ ಹಳದಿ ಉಣ್ಣೆಯ ಪುಟ್ಟ ಟೋಪಿ.
ಘಾಟಿಯ ಈಚೆ ನಾನು ಹುಟ್ಟುತ್ತಿದ್ದೆ.
ಒಂಬತ್ತು ಗಂಟೆ ತಡ.
ಅಮ್ಮ ಯಾವತ್ತೋ ನಕ್ಕು ಮರೆತಳು. ಅಪ್ಪ ಮಾತ್ರ
ಒಂದು ಇಡೀ ಕಂಪನಿಯ ಜೊತೆ
ಇವತ್ತಿಗೂ ಮಾತು ಬಿಟ್ಟಿದ್ದಾನೆ.

ನಾನೇನೂ ಹೇಳಲಿಲ್ಲ. ಹತ್ತು ಬೋಲ್ಟು ಸಡಿಲಿಸಿ
ಹಿಂದಿನ ಮುಚ್ಚಳ ಮೀಟಿದೆ.
ಎಣ್ಣೆ ಸುರಿಯಿತು, ಕಾಕಂಬಿಯಷ್ಟು ನಿಧಾನ, ಕಪ್ಪಗೆ.
ಅಪ್ಪನಿಂದ ತಡೆಯಲಾಗಲಿಲ್ಲ. ಬೆರಳದ್ದಿದ, ಉಜ್ಜಿದ, ಮೂಸಿದ.
ಕಬ್ಬಿಣದ ಮಿನುಗಿಲ್ಲ. ಹಲ್ಲು ಒಂದೂ ಉದುರಿಲ್ಲ.
ಒಂದು ಕಡೆ ಹಬ್ಬನ್ನು ತಾನೇ ಒತ್ತಿ ಹಿಡಿದ,
ಇನ್ನೊಂದನ್ನು ನಾನು ಎರಡು ಸುತ್ತು ತಿರುಗಿಸಿದೆ,
ಟಾಲ್ಮೇಜ್ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಎಣಿಸಿದ:
ಮೂರು, ಮೇಲೊಂದು ಮುಕ್ಕಾಲು,
ಅದಕ್ಕೆ ಕೂದಲಷ್ಟು ಕಡಿಮೆ.
"ಘಾಟಿಗೆ ಸಾಕು," ಅಂದ ಅಪ್ಪ, ಯಾರಿಗೂ ಅಲ್ಲ.

ಇನ್ನೂರು ಡಾಲರು, ಚೌಕಾಸಿ ಆಗಿ ನೂರಾ ಎಪ್ಪತ್ತು.
ದಾರಿಯುದ್ದಕ್ಕೂ ಅದರ ಮೇಲೆ ಕಂಬಳಿ ಹೊದಿಸಿದ್ದ.
ಚಳಿಗೋ, ಅಕ್ಕಪಕ್ಕದವರಿಗೋ, ಕೇಳಲಿಲ್ಲ.

ಇನ್ನೂ ಗ್ಯಾರೇಜಿನ ನೆಲದ ಮೇಲಿದೆ.
ಸ್ಪ್ರಿಂಗಿನ ಪೀಠ ಕತ್ತರಿಸಬೇಕು, ಕೋನ ನೋಡಿ ಬೆಸೆಯಬೇಕು.
ಅದರ ಮೂತಿ ನಡುವಿಗಿಲ್ಲ, ಎರಡಿಂಚು ಬಲಕ್ಕೆ.
ತೋರಿಸಿದೆ. "ಇರಲಿ ಬಿಡು," ಅಂದ,
"ನಮ್ಮ ಮನೇಲಿ ನೆಟ್ಟಗೆ ಇರೋದು ಯಾರು?"
ಹಳೆಯದನ್ನು ಗುಜರಿಗೆ ಕೊಡಲು ಬಿಡಲಿಲ್ಲ.
ಗೋಡೆಗೆ ಒರಗಿ ನಿಂತಿದ್ದಾರೆ ಫಾದರ್ ಮೊಂಟೋಯಾ,
ಕತ್ತಿನ ತನಕ ಗುಂಡಿ ಹಾಕಿಕೊಂಡು,
ಪಾದದ ಬಳಿ ಅಪ್ಪ ಇಟ್ಟ ತಗಡಿನ ಬಟ್ಟಲಿಗೆ
ದಿನಕ್ಕೊಂದು ಹನಿ.